ಹೊರಗೆ ಕಟ್ಟಿದ ಪರದೆ

ಅವನು ಮೊದಲ ಸಲ ಅಂಗಡಿಗೆ ಬಂದದ್ದು ಚಿಂದಿ ಕೇಳಿಕೊಂಡು.

“ಮೆತ್ತಗಿರೋ ಬಟ್ಟೆ ಚೂರು ಇದ್ರೆ ಕೊಡ್ತೀರಾ? ಗಾಜು ಒರೆಸೋಕೆ,” ಅಂದ.

ಕಿಟಕಿ ಪರದೆ ಹೊಲಿಯುವ ಅಂಗಡಿಯಲ್ಲಿ ಚಿಂದಿಗೇನು ಬರ? ಆದರೆ ಆ ಹೊತ್ತಿಗೆ ಹೊಲಿಯಲು ಕೂತಿದ್ದ ಅವಳ ಮಡಿಲಲ್ಲಿ ಹಳದಿ ಎದೆಯ ಪುಟ್ಟ ಹಕ್ಕಿಯೊಂದು ಕಣ್ಣು ಮುಚ್ಚಿ ಕೂತಿತ್ತು. ಅವಳು ಏಳುವಂತಿರಲಿಲ್ಲ. “ಸದ್ದು ಮಾಡ್ಬೇಡಿ. ಆ ಮೂಲೇಲಿದೆ, ನೀವೇ ತಗೊಳ್ಳಿ,” ಎಂದು ಪಿಸುಗುಟ್ಟಿದಳು.

ಅವನು ಚಪ್ಪಲಿ ಬಿಟ್ಟು ತುದಿಗಾಲಲ್ಲಿ ಒಳಗೆ ಬಂದ. ಅಷ್ಟೆತ್ತರದ ಆಳು ಕಳ್ಳಬೆಕ್ಕಿನ ಹಾಗೆ ನಡೆಯುವುದನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ಚಿಂದಿ ಒಯ್ದವನು ಸ್ವಲ್ಪ ಹೊತ್ತಿನಲ್ಲೇ ರಟ್ಟಿನ ಡಬ್ಬಿಯೊಂದನ್ನು ಹಿಡಿದು ಮತ್ತೆ ಬಂದ. ಗಾಳಿಯಾಡಲೆಂದು ಅದರ ಸುತ್ತ ತೂತು ಕೊರೆದಿದ್ದ.

“ಮಡಿಲಲ್ಲಿಟ್ಕೊಂಡು ಎಷ್ಟು ಹೊತ್ತು ಕೂರ್ತೀರಾ? ನಿಮಗೂ ಹೊಟ್ಟೆ ಹಸಿಯುತ್ತಲ್ಲ.”

ಒಳಗೆ ಮೆಷಿನ್ ತುಳಿಯುತ್ತಿದ್ದ ದೊಡ್ಡಮ್ಮನ ಕಾಲು ನಿಂತಿತು. ಕಿವಿ ನೆಟ್ಟಗಾಯಿತು.

ಅವನು ಪಕ್ಕದ ಬೀದಿಯಲ್ಲಿ ಹೊಸದಾಗಿ ಅಂಗಡಿ ಇಟ್ಟ ಗಾಜಿನವನು. ಅಂದಿನಿಂದ ಅವನಿಗೆ ಚಿಂದಿಯ ಅಗತ್ಯ ಎಷ್ಟು ಹೆಚ್ಚಿತೆಂದರೆ, ಊರಿನ ಗಾಜೆಲ್ಲ ಇವನೊಬ್ಬನೇ ಒರೆಸುತ್ತಾನೇನೋ ಅನ್ನಬೇಕು.

“ಅಲ್ರೀ, ನಿಮ್ಮ ಗಾಜಿಗೆ ಅದೆಷ್ಟು ಕೊಳೆ ಹತ್ತುತ್ತೆ?”

“ಕೊಳೇದೇನೂ ತಪ್ಪಿಲ್ಲ. ಈ ಅಂಗಡಿ ಚಿಂದಿ ಚೆನ್ನಾಗಿದೆ, ಅಷ್ಟೆ,” ಅನ್ನುತ್ತಿದ್ದ. ಕಣ್ಣು ಮಾತ್ರ ಚಿಂದಿಯ ಮೇಲಿರುತ್ತಿರಲಿಲ್ಲ. ಅವಳು ಸೂಜಿಗೆ ದಾರ ಪೋಣಿಸಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದಳು.

ಹಕ್ಕಿಗಳು ಸಿಗುತ್ತಿದ್ದದ್ದು ಗ್ರಂಥಾಲಯದ ಹಿಂದಿನ ತೋಟದಲ್ಲಿ. ದೊಡ್ಡಮ್ಮನೂ ಅವಳೂ ಬೆಳಗಿನ ಕೆಲಸ ಮುಗಿಸಿ ಅತ್ತ ನಡೆದು ಹೋದಾಗ ಗಿಡಗಳ ಸಾಲಿನಲ್ಲಿ ಒಂದಲ್ಲ ಒಂದು ಬಿದ್ದಿರುತ್ತಿತ್ತು. ಕೆಲವು ಕತ್ತಲೆಯ ಡಬ್ಬಿಯಲ್ಲಿ ಸುಧಾರಿಸಿಕೊಂಡು ಹಾರಿಹೋಗುತ್ತಿದ್ದವು. ಹಲವು ಹೋಗುತ್ತಿರಲಿಲ್ಲ. ಅವನ್ನು ಅವಳೇ ಮಣ್ಣು ಮಾಡುತ್ತಿದ್ದಳು, ಮೂಗೊರೆಸಿಕೊಳ್ಳುತ್ತ.

“ಬಿಸಿಲಿಗೆ ಬವಳಿ ಬಂದು ಬೀಳ್ತಾವೆ, ಪಾಪ. ಕುಡಿಯೋಕೆ ಹನಿ ನೀರಿಲ್ಲ,” ಎಂದು ದೊಡ್ಡಮ್ಮ ತೀರ್ಮಾನ ಕೊಟ್ಟಾಗಿತ್ತು. ಅದಕ್ಕೇ ಇಬ್ಬರೂ ಸೇರಿ ಅಲ್ಲಿನ ಮರದಡಿ ಮಣ್ಣಿನ ಬಟ್ಟಲುಗಳನ್ನಿಟ್ಟು ದಿನವೂ ನೀರು ತುಂಬುತ್ತಿದ್ದರು, ಪಕ್ಕದಲ್ಲಿ ಒಂದು ಹಿಡಿ ಕಾಳು. ಹಕ್ಕಿಗಳು ಹಿಂಡುಹಿಂಡಾಗಿ ಬರತೊಡಗಿದವು. ಅವಳಿಗೆ ಅದೇ ದೊಡ್ಡ ಸಂತೋಷ.

ಒಂದು ರಜೆಯ ದಿನ ಬೆಳಕು ಹರಿಯುವ ಹೊತ್ತಿಗೆ ಗಾಜಿನವನು ಬಾಗಿಲಿಗೆ ಬಂದ. ಇಸ್ತ್ರಿ ಶರ್ಟು, ಒತ್ತಿ ಬಾಚಿದ ತಲೆ.

“ಬನ್ನಿ, ನಾನು ಮಾಡಿರೋದ್ರಲ್ಲೇ ಚೆಂದದ ಕೆಲಸ ತೋರಿಸ್ತೀನಿ. ಸೂರ್ಯ ಹುಟ್ಟೋ ಹೊತ್ತಲ್ಲೇ ನೋಡ್ಬೇಕು.”

ಇವತ್ತು ಹೇಳಿಯೇ ಬಿಡುತ್ತಾನೆ ಅಂದುಕೊಂಡಳು. ಅವನು ಗ್ರಂಥಾಲಯದ ಕಡೆಗೇ ತಿರುಗಿದಾಗ, ನನ್ನ ಹಕ್ಕಿಗಳ ಜಾಗಕ್ಕೇ ಕರೆತಂದನಲ್ಲ ಎಂದು ಒಳಗೊಳಗೇ ಕರಗಿದಳು.

“ಕಣ್ಣು ಮುಚ್ಕೊಳ್ಳಿ. ಹ್ಞಾಂ, ಈಗ ಬಿಡಿ.”

ಬಿಟ್ಟಳು. ಎದುರಿಗೆ ಗ್ರಂಥಾಲಯದ ಹಿಂಗೋಡೆ, ನೆಲದಿಂದ ಸೂರಿನವರೆಗೆ ಗಾಜು. ಆದರೆ ಗಾಜೇ ಕಾಣಲಿಲ್ಲ. ಮರಗಳಿದ್ದವು, ಮರಗಳ ಹಿಂದೆ ಕೆಂಪೇರುವ ಆಕಾಶವಿತ್ತು. ದಿನವೂ ಇದರ ಬುಡದಲ್ಲೇ ಬಗ್ಗಿ ಎದ್ದವಳು ಇಷ್ಟು ಬೇಗ ಎಂದೂ ಬಂದಿರಲಿಲ್ಲ, ತಲೆಯೆತ್ತಿ ನೋಡಿಯೂ ಇರಲಿಲ್ಲ.

“ಎಲ್ಲಿ ಆಕಾಶ ಮುಗೀತು, ಎಲ್ಲಿ ಗೋಡೆ ಶುರುವಾಯ್ತು, ಹೇಳಿ ನೋಡೋಣ,” ಅಂದ ಅವನು, ಹೆಮ್ಮೆಯಿಂದ ಬೀಗುತ್ತ.

ಠಪ್!

ಹಣ್ಣೊಂದು ನೆಲಕ್ಕೆ ಬಿದ್ದಂಥ ಸದ್ದು. ಕಂದು ಬಣ್ಣದ್ದೇನೋ ಗಾಜಿನಿಂದ ಗಿಡಗಳ ಸಾಲಿಗೆ ಉದುರಿತು.

ಅವಳೇ ಮೊದಲು ಓಡಿದ್ದು. ಅಂಗೈಗೆತ್ತಿಕೊಂಡಾಗ ಹಕ್ಕಿ ಇನ್ನೂ ಬೆಚ್ಚಗಿತ್ತು. ಕತ್ತು ಮಾತ್ರ ಒಂದು ಕಡೆಗೆ ವಾಲಿತ್ತು.

ಅವಳು ತಲೆಯೆತ್ತಿದಳು. ಗಾಜಿನ ಮೇಲೆ, ಅವಳ ತಲೆಗಿಂತ ಸ್ವಲ್ಪ ಎತ್ತರದಲ್ಲಿ, ಗರಿಗಳಿಂದ ಉದುರಿದ ಬಿಳಿ ಪುಡಿಯ ಗುರುತಿತ್ತು. ಬಿಚ್ಚಿದ ಎರಡು ರೆಕ್ಕೆ, ನಡುವೆ ಎದೆ. ಒಂದೊಂದು ಗರಿಯೂ ಎಣಿಸುವ ಹಾಗೆ ಮೂಡಿತ್ತು.

“ಬಿಸಿಲಲ್ಲ,” ಅಂದಳು. “ಬಿಸಿಲೇ ಅಲ್ಲ. ಇದು. ನಿಮ್ಮ ಗೋಡೆ.”

ಅವನು ಆ ಗುರುತನ್ನೇ ನೋಡುತ್ತಿದ್ದ. “ಇಂಥದ್ದು... ಪ್ರತಿ ವಾರ ಒರೆಸೋಕೆ ಬಂದಾಗ ಇರುತ್ತೆ. ಹುಡುಗರು ಹಿಟ್ಟಿನ ಕೈ ಒತ್ತಿದ್ದಾರೆ ಅಂದ್ಕೊಂಡಿದ್ದೆ. ನಾನೇ ಒರೆಸ್ತಿದ್ದೆ. ನೀವು ಕೊಟ್ಟ ಬಟ್ಟೇಲೇ...”

“ಹತ್ರ ಬರ್ಬೇಡಿ.”

“ನಂಗೆ ಗೊತ್ತಿರ್ಲಿಲ್ಲ. ನಿಮ್ಮಾಣೆ—”

“ನನ್ನ ಆಣೆ ಹಾಕ್ಬೇಡಿ!” ಹಕ್ಕಿಯನ್ನು ಎದೆಗವಚಿಕೊಂಡು ಅವಳು ಹೊರಟೇಬಿಟ್ಟಳು. ತಾನು ಪ್ರೀತಿಸಿದ ಕೈಗಳೇ ಆ ಗೋಡೆ ನಿಲ್ಲಿಸಿದ್ದವೆಂಬುದನ್ನು ನುಂಗಿಕೊಳ್ಳಲು ಅವಳಿಂದ ಆಗಲಿಲ್ಲ.

ಮನೆಯಲ್ಲಿ ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕತ್ತರಿ ಕೆಳಗಿಟ್ಟಳು.

“ಅಲ್ಲ ಕಣೇ, ಒಂದ್ ಮಾತು. ನಾವು ನೀರಿಟ್ಟ ಮೇಲೆ ಬೀಳೋದು ಕಮ್ಮಿ ಆಗ್ಬೇಕಿತ್ತು. ಜಾಸ್ತಿ ಆಯ್ತಲ್ವಾ?”

ಅವಳಿಗೆ ಆ ತೋಟ ಕಣ್ಣೆದುರು ಬಂತು. ಬಟ್ಟಲಿದ್ದದ್ದು ಮರದಡಿ. ಮರದೆದುರಿಗೆ ಗೋಡೆ. ನೀರು ಕುಡಿದು ತಲೆಯೆತ್ತಿದ ಹಕ್ಕಿಗೆ ಕಾಣುವುದು ಗಾಜಿನೊಳಗಿನ ಆಕಾಶ. ಎಲ್ಲೆಲ್ಲಿಂದಲೋ ಹಕ್ಕಿಗಳನ್ನು ಕಾಳು ಹಾಕಿ ಕರೆದು ಅಲ್ಲಿ ನಿಲ್ಲಿಸಿದವಳು ಅವಳೇ.

ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ತೋಟದಲ್ಲಿ ಅವನಿದ್ದ. ಏಣಿಯ ಮೇಲೆ ನಿಂತು, ಎರಡೂ ಕೈ ಸೋಪಿನ ನೊರೆಯಲ್ಲಿ ಅದ್ದಿ, ಆ ಥಳಥಳ ಗೋಡೆಗೆ ಮೆತ್ತುತ್ತಿದ್ದ. ಇಸ್ತ್ರಿ ಶರ್ಟು ತೊಯ್ದು ತೊಪ್ಪೆಯಾಗಿತ್ತು. ಅರ್ಧ ಆಕಾಶ ಆಗಲೇ ಅಳಿಸಿಹೋಗಿತ್ತು. ಅವನ ಬದುಕಿನ ಅತಿ ಚೆಂದದ ಕೆಲಸವನ್ನು ಅವನೇ ಹಾಳುಮಾಡುತ್ತಿದ್ದ.

ಅವಳು ಬಟ್ಟಲಿನ ನೀರು ಚೆಲ್ಲಿ, ಕಾಳನ್ನೆಲ್ಲ ಸೆರಗಿಗೆ ಬಳಿದುಕೊಂಡಳು.

“ಯಾಕೆ ಚೆಲ್ತೀರಾ? ಅದು ನಿಮ್ಮ ಬಟ್ಟಲಾ?” ಅವನು ಏಣಿಯಿಂದಲೇ ಕೇಳಿದ. “ಯಾರೋ ಪುಣ್ಯಾತ್ಮರು ಇಟ್ಟಿದ್ದಾರೆ ಅಂತ, ಗಾಜು ಒರೆಸಿದ ದಿನ ನಾನೂ ತುಂಬಿಸ್ತಿದ್ದೆ.”

ಅವಳು ನೆಲಕ್ಕೆ ಕುಸಿದು ಕೂತಳು. ಅಳು ಒತ್ತರಿಸಿಕೊಂಡು ಬಂತು. “ಪುಣ್ಯಾತ್ಮರಲ್ಲ. ನಾನು. ನಿಮ್ಮನ್ನ ಬೈದು ಹೋದ್ನಲ್ಲ, ಕರೆದು ಕರೆದು ಕೊಂದಿದ್ದು ನಾನೂನೂ.”

ಅವನು ಇಳಿದು ಬಂದ. ಕೈಯೆಲ್ಲ ನೊರೆ, ಕಣ್ಣೊರೆಸಲೂ ಆಗದು. ಮೊಣಕೈಯಿಂದಲೇ ಅವಳ ಕೆನ್ನೆಯೊತ್ತಿದ. ಅವಳು ಆ ಒದ್ದೆ ತೋಳಿಗೇ ಹಣೆ ಒರಗಿಸಿದಳು.

“ಮಳೆ ಬಂದ್ರೆ ಈ ಸೋಪು ಹೋಗುತ್ತೆ,” ಅಂದಳು, ಕಣ್ಣೊರೆಸಿಕೊಂಡು.

“ಹೋಗುತ್ತೆ.”

“ನಾನು ಪರದೆ ಹೊಲೀತೀನಿ.”

“ಒಳಗೆ ಕಟ್ಟಿದ್ರೆ ಪ್ರಯೋಜನ ಇಲ್ಲ. ಆಕಾಶ ಕಾಣೋದು ಗಾಜಿನ ಹೊರಮೈಲಿ.”

“ಹೊರಗೇ ಕಟ್ಟೋಣ.”

ಮನೆಗೆ ಬಂದು ಇದನ್ನು ಹೇಳಿದಾಗ ದೊಡ್ಡಮ್ಮ ಹಣೆ ಹಣೆ ಚಚ್ಚಿಕೊಂಡಳು. “ಗೋಡೆ ಹೊರಗೆ ಪರದೇನಾ? ನನ್ನ ಜನ್ಮದಲ್ಲಿ ಕೇಳಿಲ್ಲ!” ಹಾಗೆಂದವಳೇ ಹುರಿದಾರದ ಉಂಡೆಗಳನ್ನು ಅಟ್ಟದಿಂದ ಇಳಿಸಿಕೊಟ್ಟಳು. ಇಡೀ ಬಟ್ಟೆ ಬೇಕಿರಲಿಲ್ಲ. ನಾಲ್ಕು ಬೆರಳಿಗೊಂದರಂತೆ ದಾರ ಇಳಿಬಿಟ್ಟರೆ ಒಳಗಿನವರಿಗೆ ಬೆಳಕೂ ಇರುತ್ತದೆ, ಹೊರಗಿನ ಹಕ್ಕಿಗೆ ದಾರಿ ಇಲ್ಲವೆಂದು ತಿಳಿಯುತ್ತದೆ. ಅವಳು ದಾರಗಳನ್ನು ಪಟ್ಟಿಗೆ ಹೊಲಿದಳು, ಅವನು ಸೂರಿನಂಚಿಗೆ ಕೊಳವೆ ಬಿಗಿದ. ಅಲ್ಲಿಯವರೆಗೆ ಲೈಬ್ರರಿ ಮೇಡಂ ಗೋಡೆಯ ಸೋಪೇನೆಂದು ಕೇಳಿದಾಗಲೆಲ್ಲ, “ತೊಳೀತಾ ಇದ್ದೀನಿ ಮೇಡಂ, ಕೊಳೆ ಜಾಸ್ತಿ ಇದೆ,” ಎಂದು ಅವನು ಹಲ್ಲು ಕಿರಿಯುತ್ತಿದ್ದ.

ಮುಂದಿನ ರಜೆಯ ದಿನ ಪರದೆ ಏರಿತು. ಮಾರನೆಯ ಬೆಳಿಗ್ಗೆ ಮೂವರೂ ಅದರೆದುರು ನಿಂತಿದ್ದಾಗ ಮೇಡಂ ಬಂದರು. ನೋಡಿದವರೇ ಕೆಂಡಾಮಂಡಲವಾದರು.

“ಏನ್ರೀ ಇದು? ಇಷ್ಟು ಚೆಂದದ ಗೋಡೆಗೆ ದಾರ ನೇತುಹಾಕಿದ್ದೀರಾ? ಈಗಲೇ ಬಿಚ್ಚಿ. ಇಲ್ದಿದ್ರೆ ಈ ಕೆಲಸಕ್ಕೆ ಬೇರೆಯವರನ್ನ ನೋಡ್ತೀನಿ.”

“ಬೇರೆಯವರನ್ನೇ ನೋಡಿ ಮೇಡಂ,” ಅಂದ ಅವನು ಮೆಲ್ಲಗೆ. “ಬಿಚ್ಚೋದು ಮಾತ್ರ ನನ್ನ ಕೈಲಾಗಲ್ಲ.”

ಅಷ್ಟರಲ್ಲಿ ಮರದಿಂದ ಹಕ್ಕಿಯೊಂದು ಚಿಮ್ಮಿತು. ನೇರ ಗೋಡೆಗೇ. ಅವಳ ಉಗುರು ಅವನ ಅಂಗೈಗೆ ನಾಟಿತು. ದಾರಗಳ ಹತ್ತಿರ, ಇನ್ನೇನು ಬಡಿಯಿತು ಅನ್ನುವಾಗ, ಹಕ್ಕಿ ಫಕ್ಕನೆ ಮೇಲೆದ್ದು ಸೂರು ದಾಟಿ ಹೋಯಿತು.

ಅವನು ಕಾರಣ ಹೇಳಿದ. ರೆಕ್ಕೆಯ ಗುರುತುಗಳನ್ನೂ, ಬಟ್ಟಲುಗಳನ್ನೂ ಹೇಳಿದ. ಕೇಳುತ್ತ ಕೇಳುತ್ತ ಮೇಡಂ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು.

“ದಿನಾ ಬೇಗ ಬಂದು ಒಳಗೆ ಕೂತಿರ್ತೀನಿ,” ಅಂದರು. “ಆ ಸದ್ದು ನಂಗೆ ಕೇಳ್ತಿತ್ತು. ಕಪಾಟಿಂದ ಪುಸ್ತಕ ಬಿತ್ತು ಅಂದ್ಕೋತಿದ್ದೆ. ಹೋಗಿ ಹುಡುಕ್ತಿದ್ದೆ ಕೂಡ.”

ದೊಡ್ಡಮ್ಮ ಹೋಗಿ ಅವರ ಪಕ್ಕದಲ್ಲಿ ಕೂತಳು.

“ಮೇಡಂ,” ಅಂದಳು ಅವಳು. ಅವನ ಅಂಗೈ ಇನ್ನೂ ಬಿಟ್ಟಿರಲಿಲ್ಲ. “ಬೇರೆಯವರನ್ನ ನೋಡ್ಬೇಡಿ. ಇವರು ಒಳ್ಳೆಯವರು. ನಾನು ಮದುವೆ ಆಗೋ ಹುಡುಗ.”

ಕೊಳವೆ ಬಿಗಿಯಲು ತಂದಿದ್ದ ಸ್ಪ್ಯಾನರ್ ಅವನ ಇನ್ನೊಂದು ಕೈಯಿಂದ ಬಕೆಟ್ಟಿಗೆ ಬಿದ್ದು ಢಣಾರೆಂದಿತು. “ಮದುವೆನಾ? ಯಾ... ಯಾವಾಗ ಮಾತಾಯ್ತು?”

“ನಂಗೂ ಹೇಳಿಲ್ವಲ್ಲೇ!” ಎಂದು ದೊಡ್ಡಮ್ಮ ಕೂತಲ್ಲೇ ಕಣ್ಣರಳಿಸಿದಳು.

“ಇನ್ನೂ ಆಗಿಲ್ಲ. ಈಗ ಕೇಳ್ತಾ ಇದ್ದೀನಿ,” ಅಂದಳು ಅವಳು, ಅವನನ್ನೇ ನೋಡುತ್ತ. “ಈ ಗೋಡೆಗೆ ಸೋಪು ಮೆತ್ತೋದು ನೋಡಿದೆನಲ್ಲ, ಅವತ್ತಿಂದ ನಂಗೆ ನೀವು ಬೇಕು. ಆಗ್ತೀರಾ?”

ಗಾಜಿನವನು ಹೂಂ, ಹೂಂ ಎಂದು ತಲೆಯಾಡಿಸುತ್ತಲೇ ನಿಂತ, ಅವಳು ನಗುತ್ತ ಅವನ ಕೆನ್ನೆ ಹಿಡಿದು ನಿಲ್ಲಿಸುವವರೆಗೂ.