ಹದಿನೇಳು ಪದರದ ನಕ್ಷತ್ರ

ಗೇಟು ತೆಗೆದವನು ಜಯಶೀಲ. ಎರಡು ವರ್ಷದ ಮೇಲೆ ಲಾಸ್ಯ ಅವನ ಮುಖ ನೋಡಿದ್ದು ಹೀಗೆ, ದಟ್ಟಗಳ್ಳಿಯ ಅವನ ಮನೆಯ ಗೇಟಿನಲ್ಲಿ, ಕ್ರಿಸ್‌ಮಸ್‌ಗೆ ಐದು ದಿನ ಇರುವಾಗ.

"ಯಾಕ್ ಬಂದೆ?"

"ಆಂಟಿ ಫೋನ್ ಮಾಡಿದ್ರು. ಸ್ಟಾರ್‌ಗೆ ಪೇಪರ್ ಅಂಟಿಸ್ಬೇಕಂತೆ."

ಅವನು ಪಕ್ಕಕ್ಕೆ ಸರಿದ. ಒಳಗೆ ಬಾ ಅನ್ನಲಿಲ್ಲ. ಅಷ್ಟಾದರೂ ಅನ್ನಬಹುದಿತ್ತಲ್ಲ... ಎಂದುಕೊಂಡು ಚಪ್ಪಲಿ ಬಿಟ್ಟಳು.

ಹಾಲ್‌ನಲ್ಲಿ ಅವನ ತಾಯಿ ಪ್ರೇಮಲೀಲಾ ಬಿದಿರ ಕಡ್ಡಿಯ ನಕ್ಷತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬರೀ ಕಡ್ಡಿ.

ಅದು ಜಯಶೀಲನ ಅಪ್ಪ ಕೈಯಾರೆ ಕಟ್ಟಿದ್ದು. ಪ್ರತಿ ಡಿಸೆಂಬರಿನಲ್ಲೂ ಹೊಸ ಪೇಪರಿನ ಒಳಮೈಯಲ್ಲಿ ಆ ವರ್ಷದ ಬಗ್ಗೆ ಒಂದು ಸಾಲು ಬರೆದು, ಹಳೆಯದರ ಮೇಲೇ ಅಂಟಿಸುತ್ತಿದ್ದರು. ಹಳೆಯದನ್ನು ಕೀಳುವ ಪದ್ಧತಿಯೇ ಇರಲಿಲ್ಲ. ಅವರು ತೀರಿಕೊಂಡ ಮೇಲೂ ಆ ಅಕ್ಷರಗಳು ಒಳಗೇ ಉಳಿದಿದ್ದವು.

ಎರಡು ವರ್ಷದ ಹಿಂದೆ ಲಾಸ್ಯಳಿಗೆ ಇದು ಗೊತ್ತಿರಲಿಲ್ಲ. ಹಬ್ಬ ಬಂತೆಂದರೆ ಮೂಲೆ ಮೂಲೆ ತಿಕ್ಕಿ ತೊಳೆಯುವ ಲಿಂಗಾಯತರ ಮನೆಯ ಹುಡುಗಿ ಅವಳು. ಎರಡೂ ಮನೆಯವರು ಹೇಗೋ ಅವಳ ಮತ್ತು ಜಯಶೀಲನ ಮದುವೆಗೆ ಒಪ್ಪಿದ್ದ ಖುಷಿಯಲ್ಲಿ ಹಬ್ಬದ ಕೆಲಸಕ್ಕೆ ಬಂದವಳು, ಮಂಕಾಗಿದ್ದ ಆ ದಪ್ಪ ನಕ್ಷತ್ರವನ್ನು ನೀರಲ್ಲಿ ನೆನೆಸಿ, ಹದಿನೇಳು ವರ್ಷದ ಪೇಪರನ್ನು ಕಿತ್ತು, ಕಡ್ಡಿಗಳನ್ನು ತೊಳೆದು ಬಿಸಿಲಿಗಿಟ್ಟಿದ್ದಳು!

"ನಮ್ಮಪ್ಪನ್ನ ಇನ್ನೊಂದ್ಸಲ ಮಣ್ಣು ಮಾಡ್ಬುಟ್ಟೆ ನೀನು," ಎಂದಿದ್ದ ಜಯಶೀಲ, ತಾಯಿಯ ಎದುರಿಗೇ. ಮದುವೆ ಅಲ್ಲಿಗೆ ನಿಂತಿತು.

ಒಂದು ಮಾತನ್ನು ಅವಳು ಅಂದು ಹೇಳಲಿಲ್ಲ. ಕೀಳುವ ಮುಂಚೆ ಅವನಿಗೆ ಫೋನ್ ಮಾಡಿ, "ಹಳೇ ಪೇಪರ್ ಕಿತ್ತಾಕ್ಲಾ?" ಎಂದು ಕೇಳಿದ್ದಳು. ಕಡಕೊಳದ ಫ್ಯಾಕ್ಟರಿಯಲ್ಲಿ ಕೆಲಸದ ಗದ್ದಲದ ನಡುವೆ ಅವನು ಅರ್ಧಂಬರ್ಧ ಕೇಳಿಸಿಕೊಂಡು, "ಹೂಂ, ಹಂಗೇ ಮಾಡು," ಎಂದು ಫೋನ್ ಇಟ್ಟಿದ್ದ. ತಾನಾಗಿಯೇ ಒಪ್ಪಿಕೊಳ್ಳುತ್ತಾನೆ ಎಂದು ಕಾದಳು. ಇಂಥವನಿಗೆ ಕಾಯುವುದೇ ಎಂದು ತನ್ನನ್ನೇ ಬೈದುಕೊಂಡಳು. ಆದರೂ ಕಾದಳು.

"ಬಾಮ್ಮ," ಎಂದರು ಪ್ರೇಮಲೀಲಾ. "ಎರಡು ವರ್ಷ ಬೋಳು ಸ್ಟಾರೇ ತೂಗಾಕಿದ್ವಿ. ಈ ಸಲ ನಿನ್ನ ಕೈಲೇ ಆಗ್ಲಿ ಅನ್ನಿಸ್ತು. ನಿನ್ನ ಕ್ಷಮಿಸ್ಬುಟ್ಟಿದೀನಿ ಕಣಮ್ಮ."

ಆ ಕ್ಷಮೆ ಲಾಸ್ಯಳಿಗೆ ಕಹಿಯೆನಿಸಿತು. ಅವಳು ಜಯಶೀಲನನ್ನು ನೋಡಿದಳು. ಈಗಲಾದರೂ ಬಾಯಿ ಬಿಡು... ಅವನು ಮೈದಾ ಅಂಟಿನ ಬಟ್ಟಲನ್ನೇ ನೋಡುತ್ತಿದ್ದ.

"ಅಂಟಿಸಿ ಹೋಗ್ತೀನಿ ಆಂಟಿ. ಇನ್ನು ಬರಲ್ಲ," ಎಂದಳು. "ಈ ವರ್ಷದ ಸಾಲು ಯಾರು ಬರೀತಾರೆ?"

ಜಯಶೀಲ ಪೆನ್ನು ತೆಗೆದುಕೊಂಡ. ಹೊಸ ಪೇಪರಿನ ಒಳಮೈಯಲ್ಲಿ ಬರೆದ.

"ಅಮ್ಮ, ಓದ್ತೀನಿ ಕೇಳಿ. ಲಾಸ್ಯ ನನ್ನ ಕೇಳೇ ಪೇಪರ್ ಕಿತ್ತಿದ್ದು. ಹೂಂ ಅಂದೋನು ನಾನು. ನಿಮ್ಮ ಮುಂದೆ ತಪ್ಪನ್ನ ಅವಳ ತಲೆಗೆ ಕಟ್ಟಿದೆ."

ಪ್ರೇಮಲೀಲಾ ಲಾಸ್ಯಳ ಕೈ ಹಿಡಿದು, "ಯಾವ ಮುಖ ಇಟ್ಕೊಂಡು ಕ್ಷಮಿಸ್ದೆ ಅಂದೆ ನಾನು," ಎಂದರು. ಮಗನ ಕಡೆ ನೋಡದೆ ಎದ್ದು ಅಡುಗೆಮನೆಗೆ ಹೋದರು.

ಎರಡು ವರ್ಷದ ಅಳು ಲಾಸ್ಯಳಿಗೆ ಒಟ್ಟಿಗೇ ಬಂತು. ಅವನು ಸಮಾಧಾನ ಮಾಡಲು ಬರಲಿಲ್ಲ. ಬರುವ ಹಕ್ಕಿಲ್ಲವೆಂದು ಅವನಿಗೆ ಗೊತ್ತಿತ್ತು. ಕಣ್ಣೊರೆಸಿಕೊಂಡು ಅವಳೇ ಆ ಪೇಪರನ್ನು ಕಡ್ಡಿಗೆ ಅಂಟಿಸಿದಳು.

"ಮುಂದಿನ ವರ್ಷ ಇದು ಮುಚ್ಚೋಗುತ್ತೆ," ಎಂದ ಮೆಲ್ಲಗೆ.

"ಮುಚ್ಚೋಗುತ್ತೆ. ಕೆಳಗೆ ಇದ್ದೇ ಇರುತ್ತೆ."

"ಆವಾಗ ಅಂಟಿಸೋಕೆ... ನೀನಿರ್ತೀಯಾ?"

"ಇರ್ತೀನಿ," ಎಂದಳು ಲಾಸ್ಯ. "ನಿಮ್ಮನೇಲಿ ಹಳೇದನ್ನ ಕೀಳೋ ಹಂಗಿಲ್ವಲ್ಲ."