ಎರಡನೇ ಕಾರಿನ ಕೈಗಳು

ಗುರುಸಿದ್ದ ತಿರುವಿನಲ್ಲಿ ಬ್ರೇಕ್ ಒತ್ತಿದೊಡನೆ ಕೈಗವಸಿನೊಳಗೆ ಸಣ್ಣಗೆ ಜುಮ್ಮೆಂದಿತು. ಬೆರಳು ಎಷ್ಟು ಬಿಗಿದವು, ಪಾದ ಯಾವಾಗ ಸಡಿಲಿತು ಎಂಬುದೆಲ್ಲವನ್ನೂ ಕೈಗವಸಿನಲ್ಲಿ ಹುದುಗಿದ್ದ ಕರಸ್ಮೃತಿ ಯಂತ್ರ ನರಗಳ ಮೂಲಕ ಕಲಿತುಕೊಂಡಿತು.

ಅದರ ತತ್ತ್ವ ಸರಳ. ನುರಿತ ಚಾಲಕನ ಕೈಕಾಲು ಅವನ ಯೋಚನೆಗಿಂತ ಮೊದಲೇ ಕೆಲಸ ಮಾಡುತ್ತವೆ. ಕಾರಿನ ಸುತ್ತ ಏನು ಕಂಡಾಗ ಆ ಸ್ನಾಯುಗಳು ಏನು ಮಾಡಿದವೆಂದು ಕರಸ್ಮೃತಿ ಗಮನಿಸುತ್ತದೆ; ಮುಂದೆ ತಾನೇ ಕೈಕಾಲುಗಳನ್ನು ನಡೆಸುತ್ತದೆ. ಒಬ್ಬನಿಂದ ಕಲಿತದ್ದನ್ನು ಇನ್ನೊಬ್ಬನ ಕೈಗೂ ತೊಡಿಸಬಹುದು. ಈ ಕೊನೆಯ ಸಂಗತಿಯನ್ನು ಮಾತ್ರ ಗುರುಸಿದ್ದನಿಗೆ ಯಾರೂ ಹೇಳಿರಲಿಲ್ಲ.

ಡ್ಯಾನ್ಯೂಬ್ ಟ್ರೋಫಿ ಯುರೋಪಿನ ಒಂದು ಚಿಕ್ಕ ಚಾಂಪಿಯನ್‌ಶಿಪ್. ಚಕ್ರಗಳಿಗೆ ಹೊದಿಕೆಯಿಲ್ಲದ, ಒಬ್ಬರೇ ಕೂರುವ ಕಾರುಗಳ ಓಟ. ನೋಡಲು ಬರುವವರು ಕಡಿಮೆ; ಆದರೆ ಗೆದ್ದವನಿಗೆ ಮೇಲಿನ ದರ್ಜೆಯ ತಂಡದಲ್ಲಿ ಸೀಟು ಖಂಡಿತ. ಹುಬ್ಬಳ್ಳಿಯ ಗುರುಸಿದ್ದ ಬಂದದ್ದೇ ಆ ಸೀಟಿಗಾಗಿ. ತಂಡದ ಮೊದಲ ಕಾರು ಮಾಲೀಕರ ಮಗ ಫೆಲಿಕ್ಸನದು, ಎರಡನೆಯದು ಇವನದು. ಮೊದಲ ಕಾರು ಹಿಂದೆ ಬಂದರೆ ಎರಡನೆಯದು ದಾರಿ ಬಿಡಬೇಕು; ರೇಸಿಂಗ್ ತಂಡಗಳಲ್ಲಿ ಇದು ಹಳೆಯ ಪದ್ಧತಿ. ಓಟದ ಋತುವಿಡೀ ಗುರುಸಿದ್ದ ಹಲ್ಲು ಕಚ್ಚಿ ದಾರಿ ಬಿಟ್ಟ. ಆದರೂ ಫೆಲಿಕ್ಸ್ ಅಲ್ಲಲ್ಲಿ ಗೋಡೆಗೆ ಗುದ್ದಿಕೊಂಡಿದ್ದರಿಂದ ಕೊನೆಯ ಓಟಕ್ಕೆ ಬರುವಾಗ ಪಟ್ಟಿಯ ತುದಿಯಲ್ಲಿ ಇಬ್ಬರ ಅಂಕವೂ ಸಮನಾಗಿತ್ತು.

"ಕೊನೆಯ ಓಟದಲ್ಲಿ ದಾರಿ ಬಿಡುವ ಆಜ್ಞೆ ಇಲ್ಲ, ಗೆದ್ದವನೇ ಚಾಂಪಿಯನ್," ಎಂದು ಮಾಲೀಕರು ಮಾತು ಕೊಟ್ಟರು. ದೊಡ್ಡ ಮನಸ್ಸು!

ಅಭ್ಯಾಸದ ದಿನ ಫೆಲಿಕ್ಸನ ಕಾರು ತಿರುವಿಗೆ ಇಳಿದದ್ದನ್ನು ನೋಡಿ ಗುರುಸಿದ್ದ ಎದ್ದು ನಿಂತ. ಒಳಗಂಚಿಗೆ ತಡವಾಗಿ ನುಗ್ಗಿ, ಬ್ರೇಕ್ ಒಮ್ಮೆ ಸಡಿಲಿಸಿ, ಮತ್ತೆ ಒತ್ತುವ ಆ ರೀತಿ ತನ್ನದೇ. ಯಂತ್ರವನ್ನು ಕಟ್ಟಿದ ಧಾರವಾಡದ ವಿಜ್ಞಾನಿ ಮಂದಾಕಿನಿ ಕುಲಕರ್ಣಿಯವರ ಬಳಿಗೆ ಓಡಿದ. ಪರದೇಶದಲ್ಲಿ ಅವನಿಗೆ ರೊಟ್ಟಿ ಬಡಿದು ಹಾಕಿದ ಹೆಂಗಸು ಅವರು.

"ಅಕ್ಕಾರ, ಅವನ ಕೈಯಾಗ ನನ್ನ ಕೈ ಹಾಕೀರೇನ್ರಿ?"

"ಯಂತ್ರ ತಂಡದ್ದಪಾ ತಮ್ಮಾ. ನನ್ನ ಕೈಯಾಗ ಏನೈತಿ?"

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಮನಸ್ಸಿಟ್ಟು ಓಡಸ್ತಿದ್ದೇನು?"

ಥೂ, ಇಷ್ಟು ಸಲೀಸಾಗಿ ಹೇಳಿಬಿಟ್ಟರಲ್ಲ! ಗುರುಸಿದ್ದ ತನ್ನ ಕೈಗವಸನ್ನು ಕಿತ್ತು ಅವರ ಮೇಜಿನ ಮೇಲೆ ಎಸೆದ. ಬರಿಯ ಮಾಮೂಲಿ ಕೈಗವಸು ಹಾಕಿಕೊಂಡೇ ಮರುದಿನ ಓಟಕ್ಕೆ ಇಳಿದ.

ಫೆಲಿಕ್ಸ್ ಮೊದಲಿನಿಂದಲೂ ಮುಂದಿದ್ದ. ಗುರುಸಿದ್ದ ಒಬ್ಬೊಬ್ಬರನ್ನೇ ದಾಟಿ, ಕೊನೆಯ ಸುತ್ತಿನಲ್ಲಿ ಅವನ ಬೆನ್ನಿಗೆ ಬಂದ. ಈಗ ಇಬ್ಬರೇ. ತನ್ನದೇ ಕೈಚಳಕವನ್ನು ತಾನು ಮೀರಬೇಕು, ಇಲ್ಲಿ, ಈ ತಿರುವಿನಲ್ಲಿ!

ಅಷ್ಟರಲ್ಲಿ ಮುಂದಿನ ಕಾರು ಸಭ್ಯವಾಗಿ ಪಕ್ಕಕ್ಕೆ ಸರಿದು ವೇಗ ತಗ್ಗಿಸಿತು.

ಕನ್ನಡಿಯಲ್ಲಿ ತನ್ನದೇ ತಂಡದ ಬಣ್ಣದ ಕಾರು ಕಂಡರೆ ದಾರಿ ಬಿಡಬೇಕೆಂದು ಋತುವಿಡೀ ಗುರುಸಿದ್ದನ ಕೈಗಳಿಂದ ಕರಸ್ಮೃತಿ ಕಲಿತಿತ್ತು. ಆ ಕೈಗಳ ಹಿಂದೆ ಆಜ್ಞೆಯಿತ್ತು, ಅವಮಾನವಿತ್ತು ಎಂಬುದು ಅದಕ್ಕೆ ಹೇಗೆ ತಿಳಿಯಬೇಕು? ಫೆಲಿಕ್ಸ್ ಬಡಿದಾಡಿದ, ಕೈಕಾಲು ಕೇಳಲಿಲ್ಲ. ಗುರುಸಿದ್ದ ದಾಟಿಹೋದ.

ಮಾಲೀಕರು ಕೆಂಡಾಮಂಡಲವಾದರು. ಮಂದಾಕಿನಿ ಮಾತ್ರ ಕಣ್ಣು ಒದ್ದೆ ಮಾಡಿಕೊಂಡು ಓಡಿಬಂದರು. "ನೋಡಪಾ, ದೇವ್ರು ದೊಡ್ಡಾವ. ನಾ ಮಾಡಿದ ತಪ್ಪ ನಿನಗ ಒಳ್ಳೇದ ಮಾಡ್ತು. ಚಾಂಪಿಯನ್ ಆದಿ!"

ಗುರುಸಿದ್ದ ಹೆಲ್ಮೆಟ್ ತೆಗೆಯಲಿಲ್ಲ.

"ಸೋತಿದ್ರ ನಿಮ್ಮನ್ನ ಬೈಕೋತ ಊರಿಗೆ ಹೋಗ್ತಿದ್ದೆ ಅಕ್ಕಾರ, ಅಲ್ಲಿಗೆ ಮುಗೀತಿತ್ತು. ಆ ತಿರುವಿನ್ಯಾಗ ನಾ ಅವನ್ನ ದಾಟ್ತಿದ್ನೋ ಇಲ್ಲೋ, ಈಗ ನನಗೂ ಗೊತ್ತಿಲ್ಲ. ನನ್ನ ಸೋಲೂ ಕಸ್ಕೊಂಡ್ರಿ, ಗೆಲುವೂ ಕಸ್ಕೊಂಡ್ರಿ."

ವೇದಿಕೆಯಿಂದ ಅವನ ಹೆಸರನ್ನು ಕೂಗುತ್ತಿದ್ದರು. ಅವನು ಹೋಗಲಿಲ್ಲ.