ಎರಡು ಡಬ್ಬಿ, ಅಮ್ಮನ ಕೈ

“ಹಿಡಿಸುತ್ತೆ ಅಂದ್ರೆ ಹಿಡಿಸುತ್ತೆ!” ಕೋರಿನ್ ಖಾಲಿ ಕಾಫಿ ಡಬ್ಬಿಯನ್ನು ಇಂಜಿನ್ನಿನ ಎಡಪಕ್ಕಕ್ಕೆ ತುರುಕಿದಳು. ಬಲಪಕ್ಕದಲ್ಲಿ ಇನ್ನೊಂದು ಡಬ್ಬಿ ಆಗಲೇ ಕೂತಿತ್ತು.

ಬರೀ ಡಬ್ಬಿ ಅಂದುಕೊಳ್ಳಬೇಡಿ, ಅವು ಟರ್ಬೊಗಳು! ಇಂಜಿನ್ನಿಗೆ ಗಾಳಿ ತುಂಬಿ ಕಾರನ್ನು ಹುಚ್ಚಾಪಟ್ಟೆ ಓಡಿಸುವ ಟರ್ಬೊ. ಕೊಳ್ಳುವ ಮೊದಲು ಅದೇ ಅಳತೆಯ ಡಬ್ಬಿ ಇಟ್ಟು ನೋಡುವುದು ಅವರ ಗ್ಯಾರೇಜಿನ ಪದ್ಧತಿ.

ಅಮ್ಮ ಜನೆಲ್ ತನ್ನ ಹಳೇ ಮಸ್ಟಾಂಗ್ ರೇಸ್ ಕಾರಿಗೆ ಮುಂದುಗಡೆ ಒಂದೇ ದೊಡ್ಡ ಟರ್ಬೊ ಸಾಕು ಅಂತಿದ್ದಳು. ಕೋರಿನ್‌ಗೆ ಎರಡು ಬೇಕೇ ಬೇಕು. ಯಾಕೆ ಗೊತ್ತಾ? ಸ್ಕೂಲ್ ಬಸ್ಸಲ್ಲಿ ಎಲ್ಲರ ಮುಂದೆ, “ನಮ್ಮ ಕಾರಿಗೆ ಟ್ವಿನ್ ಟರ್ಬೊ!” ಅಂತ ಕೊಚ್ಚಿಕೊಂಡುಬಿಟ್ಟಿದ್ದಳು. “ಬರೀ ಬುರುಡೆ,” ಅಂದಿದ್ದ ಅವಳ ಕ್ಲಾಸಿನ ವೇಡ್.

“ಸರಿ ಕಣೇ, ಎರಡೂ ಕೂರಿಸು,” ಅಂದಿದ್ದಳು ಅಮ್ಮ. “ಆಮೇಲೂ ಕೈ ಒಳಗೆ ಹೋಗಿ ಸ್ಪಾರ್ಕ್ ಪ್ಲಗ್ ಬಿಚ್ಚೋಕಾದ್ರೆ ಎರಡೇ ಹಾಕೋಣ.”

ರೇಸಲ್ಲಿ ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಪ್ಲಗ್ ಬದಲಿಸಬೇಕಾಗುತ್ತೆ. ಆಗಲಿಲ್ಲವೋ, ಮನೆಗೆ ವಾಪಸ್.

ಕೋರಿನ್ ಡಬ್ಬಿಯನ್ನು ಓರೆ ಮಾಡಿದಳು, ಮೇಲೆತ್ತಿದಳು, ತಂತಿ ಬಿಗಿದಳು. ಅಮ್ಮ ತಂದಿಟ್ಟ ಚೀಸ್ ಸ್ಯಾಂಡ್‌ವಿಚ್ ತಣ್ಣಗಾಯಿತು. ಕೊನೆಗೆ ಅವಳ ಬೆರಳು ಪ್ಲಗ್ಗಿಗೆ ತಾಗಿತು.

“ಅಮ್ಮಾ! ಹೋಯ್ತು! ಕೈ ಒಳಗೆ ಹೋಯ್ತು!”

ಅಮ್ಮ ಬಂದು ಬಗ್ಗಿ ತಾನೂ ಕೈ ಹಾಕಿದಳು. ಡಬ್ಬಿಯ ಹತ್ತಿರ ಗೆಣ್ಣು ಸಿಕ್ಕಿಕೊಂಡಿತು. ಎಷ್ಟು ಒತ್ತಿದರೂ ಮುಂದಕ್ಕೆ ಹೋಗಲೊಲ್ಲದು.

“ನನ್ನ ಕೈ ಹೋಗುತ್ತಲ್ಲಾ! ರೇಸಲ್ಲಿ ನಾನೇ ಬದಲಿಸ್ತೀನಿ!”

“ಸುತ್ತು ಮುಗಿದಾಗ ಇದೆಲ್ಲಾ ಕೆಂಡ ಆಗಿರುತ್ತೆ, ಪುಟ್ಟಿ. ನಿನ್ನ ಕೈ ಹಾಕೋಕೆ ಬಿಡ್ತೀನಾ?”

ಅಮ್ಮನ ಮಣಿಕಟ್ಟಿನ ಮೇಲೆ ಹಳೇ ಸುಟ್ಟ ಗಾಯದ ಕಲೆಯಿತ್ತು. ಕೋರಿನ್ ದಿನಾ ನೋಡುವ ಕಲೆಯೇ. ಇವತ್ತು ಅದು ಡಬ್ಬಿಗೆ ಒತ್ತಿಕೊಂಡಿತ್ತು. ಅವಳಿಗೆ ಅಳು ಬಂದಂತಾಯಿತು.

“ಇನ್ನೊಂದ್ಸಲ ನೋಡ್ತೀಯಾ?” ಅಂದಳು ಅಮ್ಮ.

ಕೋರಿನ್ ಎರಡೂ ಡಬ್ಬಿ ಕಿತ್ತಳು. ದೊಡ್ಡ ಪೇಂಟ್ ಡಬ್ಬಿಯನ್ನು ತಾನೇ ಎತ್ತಿ ತಂದು ಇಂಜಿನ್ನಿನ ಮುಂದೆ ಕಟ್ಟಿದಳು. “ಈಗ ಕೈ ಹಾಕು.”

ಅಮ್ಮನ ಕೈ ಸಲೀಸಾಗಿ ಒಳಗೆ ಹೋಯಿತು.

ಸೋಮವಾರ ಬಸ್ ಹತ್ತಿದ ಕೂಡಲೇ ವೇಡ್ ಕೇಳಿದ, “ಏನಮ್ಮಾ, ಬಂತಾ ಟ್ವಿನ್ ಟರ್ಬೊ?”

“ಇಲ್ಲ. ಒಂದೇ.”

“ಬುರುಡೆ ಅಂತ ನಾನು ಹೇಳಲಿಲ್ವಾ!”

ಕೋರಿನ್ ಮುಖ ಕೆಂಪಾಯಿತು. ಆದರೂ ತಲೆ ತಗ್ಗಿಸಲಿಲ್ಲ.

“ಹೂಂ, ಬುರುಡೆನೇ. ಎರಡಿದ್ರೆ ಅಮ್ಮನ ಕೈ ಹಿಡಿಸಲ್ಲ,” ಅಂದು, ಕಿಟಕಿ ಕಡೆ ಜರುಗಿ ಅವನಿಗೆ ಜಾಗ ಬಿಟ್ಟಳು.